10×10×10 ಅಡಿ ಕೋಣೆ: ಮಂದ್ರ ಪಂಚಮ ಮಾತ್ರ ಉಬ್ಬುತ್ತಿದೆ, ಏನು ಮಾಡಬಹುದು?

ಶ್ರುತಿಪೆಟ್ಟಿಗೆ:
ಬೆಂಗಳೂರಿನಲ್ಲಿ ಮಹಡಿ ಮೇಲಿನ ಕೋಣೆ. ಉದ್ದ, ಅಗಲ, ಎತ್ತರ ಮೂರೂ 10 ಅಡಿ. ಇಟ್ಟಿಗೆ ಗೋಡೆ, ಆರ್‌ಸಿಸಿ ಚಾವಣಿ, ವಿಟ್ರಿಫೈಡ್ ಟೈಲ್ಸ್. ಗಂಡು ದನಿ, ಡಿ ಶ್ರುತಿ. ಕೋಣೆಯ ನಡುಮಧ್ಯೆ ನಿಂತು, ಕಾರ್ಡಿಯಾಯ್ಡ್ (ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ) ಕಂಡೆನ್ಸರ್ ಮೈಕಿಗೆ 5 ಇಂಚು ದೂರದಿಂದ ಹಾಡಿ ರೆಕಾರ್ಡ್ ಮಾಡುವುದು. ಗೋಡೆಗೆ 1 ಇಂಚಿನ ಫೋಮ್ ಅಂಟಿಸಿದ ಮೇಲೆ ಚಪ್ಪಾಳೆ ತಟ್ಟಿದರೆ ಬರುತ್ತಿದ್ದ ಟಣ್‌ಟಣ್ ಹೋಯಿತು. ಆದರೆ ಮಂದ್ರ ಪಂಚಮಕ್ಕೆ (ಕೆಳಸ್ಥಾಯಿಯ ‘ಪ’) ಇಳಿದಾಗಲೆಲ್ಲ ಸ್ವರ ಗುಂಯ್ ಅನ್ನುತ್ತದೆ, ಒಟ್ಟಾರೆ ದನಿಯೂ ಮಂಕು. ಇನ್ನಷ್ಟು ಫೋಮ್ ಹಾಕಲೇ? ಇಕ್ಯೂನಲ್ಲಿ (ರೆಕಾರ್ಡಿಂಗ್‌ನ ಬೇರೆಬೇರೆ ಆವರ್ತನಗಳ ಮಟ್ಟ ಏರಿಳಿಸುವ ಸಾಧನ) ಆ ಸ್ವರವನ್ನು ಕತ್ತರಿಸಿದರೆ ಸಾಕೇ?

ತಂತಿನಾದ:
ಫೋಮ್ ಇನ್ನು ಬೇಡ. ಒಂದು ಇಂಚಿನ ಫೋಮ್ ಮೇಲಿನ ಆವರ್ತನಗಳನ್ನು ಮಾತ್ರ ಹೀರುತ್ತದೆ, ಕೆಳಗಿನವು ಇದ್ದ ಹಾಗೇ ಉಳಿಯುತ್ತವೆ. ಮಂಕು ಅನ್ನಿಸುವುದು ಅದಕ್ಕೇ.

ಪಂಚಮದ ಕಾರಣ ನಿಮ್ಮ ಅಳತೆಯಲ್ಲೇ ಇದೆ. 10 ಅಡಿ ಅಂದರೆ 3.05 ಮೀಟರ್. ಶಬ್ದದ ವೇಗವನ್ನು (ಸೆಕೆಂಡಿಗೆ 343 ಮೀಟರ್) ಈ ಉದ್ದದ ಎರಡರಷ್ಟರಿಂದ ಭಾಗಿಸಿದರೆ 56 ಹರ್ಟ್ಸ್, ಕೋಣೆಯ ಮೊದಲ ಅನುರಣನ, ಅಂದರೆ ಗೋಡೆಗಳ ನಡುವೆ ಕೋಣೆ ತಾನೇ ಉಬ್ಬಿಸುವ ಆವರ್ತನ. ಎರಡನೆಯದು 112. ಡಿ ಷಡ್ಜ 147 ಹರ್ಟ್ಸ್, ಅದರ ಮಂದ್ರ ಪಂಚಮ 110. ಹೆಚ್ಚುಕಡಿಮೆ ಒಂದೇ ಜಾಗ! ಕೋಣೆ ಘನಾಕಾರ ಆದ್ದರಿಂದ ಮೂರೂ ದಿಕ್ಕಿನ ಅನುರಣನ ಒಟ್ಟಿಗೇ ಸೇರುತ್ತದೆ. ಸಾಲದ್ದಕ್ಕೆ, 112ರ ಒತ್ತಡ ಗೋಡೆಗಳ ಬಳಿಯಷ್ಟೇ ಜೋರಾಗಿ ನಡುಮಧ್ಯದಲ್ಲೂ ಇರುತ್ತದೆ. ನಿಂತಾಗ ಮೈಕ್ 5 ಅಡಿ ಎತ್ತರದಲ್ಲಿದ್ದರೆ ಎತ್ತರದಲ್ಲೂ ಅದು ನಡುಮಧ್ಯವೇ.

ಹಾಗಾಗಿ ಮೊದಲು ಜಾಗ ಬದಲಿಸಿ, ಖರ್ಚಿಲ್ಲದ ಕೆಲಸ. ಈ ಅನುರಣನದ ಒತ್ತಡ ಗೋಡೆಯಿಂದ ಎರಡೂವರೆ ಅಡಿಗೆ ಸೊನ್ನೆಗಿಳಿಯುತ್ತದೆ. ಗೋಡೆಗೆ ಅಷ್ಟು ಹತ್ತಿರ ಹೋದರೆ ಪ್ರತಿಫಲನದ ಕಾಟ ಬೇರೆ, ಆದ್ದರಿಂದ ಮೈಕನ್ನು ಮೂಲೆಯಲ್ಲಿ ಸೇರುವ ಎರಡು ಗೋಡೆಗಳಿಂದಲೂ ಸುಮಾರು 3 ಅಡಿ 4 ಇಂಚಿಗೆ ಇಡಿ. ಎತ್ತರಕ್ಕೆ ಸುಲಭ ಉಪಾಯ: ಕಛೇರಿಯಲ್ಲಿ ಕೂರುವಂತೆ ನೆಲದ ಮೇಲೆ ಕೂತು ಹಾಡಿ. ಬಾಯಿ ತಾನಾಗಿಯೇ ಎರಡೂವರೆ ಅಡಿ ಆಸುಪಾಸಿಗೆ ಬರುತ್ತದೆ.

5 ಇಂಚು ತೀರಾ ಹತ್ತಿರವಾಯಿತು. ಕಾರ್ಡಿಯಾಯ್ಡ್ ಮೈಕ್ ಹತ್ತಿರದ ದನಿಯ ಮಂದ್ರವನ್ನು ತಾನೇ ಉಬ್ಬಿಸುತ್ತದೆ. 10-12 ಇಂಚಿಗೆ ಸರಿಸಿ.

ಇಕ್ಯೂನಲ್ಲಿ 112ಕ್ಕೆ ಕಿರಿದಾದ ಕಡಿತ ಕೊಟ್ಟರೆ ಮಟ್ಟ ಇಳಿಯುತ್ತದೆ. ಆದರೆ ಹಾಡು ನಿಲ್ಲಿಸಿದ ಮೇಲೂ ಕೋಣೆಯಲ್ಲಿ ಉಳಿಯುವ ಬಾಲ ಹೋಗುವುದಿಲ್ಲ.

ಗೋಡೆಗಿವಿ:
ಮೇಲಿನದು ಸರಿ, ಆದರೆ ನೆಲದಲ್ಲಿ ಕೂತರೆ ಟೈಲ್ಸ್ ಹತ್ತಿರವಾಗುತ್ತದೆ. ಮೈಕ್ ಕೆಳಗೆ ಜಮಖಾನ ಹಾಸಿದರೆ ಸಾಲದು, 4 ಇಂಚಿನ ಹತ್ತಿ ಹಾಸಿಗೆಯನ್ನೇ ಹಾಸಿ.

ಫೋಮ್ ಬದಲು ಸದ್ದು ಹೀರುವ ದಪ್ಪ ಪ್ಯಾನೆಲ್ (ಚೌಕಟ್ಟಿನೊಳಗೆ ಉಣ್ಣೆ ತುಂಬಿ ಬಟ್ಟೆ ಹೊದಿಸಿದ್ದು) ಮಾಡಿಸಿ. ಅದಕ್ಕೆ ರಾಕ್‌ವುಲ್ (ಕಲ್ಲಿನ ನಾರಿನ ಉಣ್ಣೆ, ಸ್ಲ್ಯಾಬ್ ರೂಪದಲ್ಲಿ) ತನ್ನಿ: ಘನಮೀಟರಿಗೆ 48 ಕೆಜಿ ಸಾಂದ್ರತೆ, 50 ಮಿಮೀ ದಪ್ಪ, ಒಂದು ಚೌಕಟ್ಟಿಗೆ ಎರಡು ಪದರ. ಸ್ಲ್ಯಾಬ್ ಮನೆಗೆ ಬಂದು ಅಳೆದ ಮೇಲೇ ಬಡಗಿಗೆ ಹೇಳಿ. 1200×600 ಮಿಮೀ ಅಂತ ಚೌಕಟ್ಟು ಮಾಡಿಸಿಟ್ಟು, ಅಂಗಡಿಯವರು 1000×600 ಕಳಿಸಿದರೆ ಎಲ್ಲ ವ್ಯರ್ಥ. 1200×600 ಸಿಕ್ಕರೆ ಒಂದು ಪ್ಯಾನೆಲ್‌ನ ಉಣ್ಣೆ ಸುಮಾರು 3.5 ಕೆಜಿ, ಚೌಕಟ್ಟು ಸೇರಿ 6-7 ಕೆಜಿ. ಮುಂದೆ ಹಿಂದೆ ಎರಡೂ ಕಡೆ ಬಟ್ಟೆ ಬೇಕು, ಇಲ್ಲದಿದ್ದರೆ ನಾರು ಉದುರುತ್ತದೆ. ಬಟ್ಟೆಗೆ ಬಾಯಿಟ್ಟು ಊದಿ ನೋಡಿ, ಉಸಿರು ಸಲೀಸಾಗಿ ಹೊರಟರೆ ಸರಿ. ರೆಕ್ಸಿನ್ ಬೇಡವೇ ಬೇಡ. ಕೆಲಸ ಮಾಡುವಾಗ ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ.

ಈ ಕೋಣೆಗೆ 12 ಪ್ಯಾನೆಲ್ ಇಟ್ಟುಕೊಳ್ಳಿ, ಅಂದರೆ 24 ಸ್ಲ್ಯಾಬ್. ಬಾಗಿಲಿರುವ ಮೂಲೆ ಬಿಟ್ಟು ಉಳಿದ ಮೂರು ಮೂಲೆಗೆ ಒಂದರ ಮೇಲೊಂದರಂತೆ ಎರಡೆರಡು, ಮೂಲೆಗೆ ಅಡ್ಡವಾಗಿ. ಹಾಡುವವರ ಬೆನ್ನ ಹಿಂದೆ ಎರಡು. ಇದನ್ನು ತಪ್ಪಿಸಬೇಡಿ, ಮೈಕ್ ನೋಡುತ್ತಿರುವುದು ಆ ದಿಕ್ಕನ್ನೇ. ಉಳಿದ ನಾಲ್ಕು ಅಕ್ಕಪಕ್ಕದ ಗೋಡೆಗೆ, ಹಿಂದೆ 4 ಇಂಚು ಖಾಲಿ ಬಿಟ್ಟು. ಆ ಖಾಲಿಯಿಂದ ಕೆಳಗಿನ ಆವರ್ತನಗಳ ಹೀರಿಕೆ ಹೆಚ್ಚುತ್ತದೆ, ಮಳೆಗಾಲದಲ್ಲಿ ಹೊರಗೋಡೆಯ ತೇವವೂ ಉಣ್ಣೆಗೆ ತಾಗುವುದಿಲ್ಲ.

ಲೆಕ್ಕ ಬೇಕಾದರೆ: ಕೋಣೆ 28 ಘನಮೀಟರ್. ಅನುರಣನ ಕಾಲ (ಹಾಡು ನಿಲ್ಲಿಸಿದ ಮೇಲೆ ಸದ್ದು ಆರಿಹೋಗಲು ಹಿಡಿಯುವ ಸಮಯ) 0.4 ಸೆಕೆಂಡಿಗೆ ಇಳಿಯಲು ಸುಮಾರು 11 ಚದರ ಮೀಟರ್ ಪೂರ್ಣ ಹೀರಿಕೆ, ಅಂದರೆ ಬಿದ್ದ ಸದ್ದನ್ನೆಲ್ಲ ಹೀರುವ ಮೇಲ್ಮೈ ಬೇಕು. 12 ಪ್ಯಾನೆಲ್ ಅಂದರೆ 8.6, ಉಳಿದದ್ದನ್ನು ಹಾಸಿಗೆ, ದಪ್ಪ ಪರದೆ ತುಂಬುತ್ತವೆ. ಇದು ಮಧ್ಯದ ಮತ್ತು ಮೇಲಿನ ಆವರ್ತನಗಳ ಲೆಕ್ಕ. 112ರಲ್ಲಿ ಇದೇ ಪ್ಯಾನೆಲ್‌ಗಳ ಕೆಲಸ ಅದಕ್ಕಿಂತ ಕಡಿಮೆ, ಹಾಗಾಗಿ ಜಾಗ ಬದಲಿಸುವುದು ತಪ್ಪುವುದಿಲ್ಲ.

ಶ್ರುತಿಪೆಟ್ಟಿಗೆ:
ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಫ್ಯಾನ್ ಸದ್ದಿಗೂ ಈ ಪ್ಯಾನೆಲ್ ಉಪಯೋಗವೇ?

ಗೋಡೆಗಿವಿ:
ಮೂಲೆಯವು ನೆಲದ ಮೇಲೇ ನಿಲ್ಲುತ್ತವೆ, ಮೇಲಿನದನ್ನು ಕೆಳಗಿನದಕ್ಕೆ ತಗಡಿನ ಪಟ್ಟಿ ಹಾಕಿ ಸ್ಕ್ರೂ ಮಾಡಿ. ಉಳಿದವಕ್ಕೆ ಒಂದೂವರೆ ಅಡಿ ಉದ್ದದ ಅಡ್ಡಪಾದ ಜೋಡಿಸಿ. ನೆಲದಲ್ಲಿ ಕೂತು ಹಾಡುವುದಾದರೆ ನಾಲ್ಕಡಿ ಎತ್ತರ ಧಾರಾಳ. ಬೆನ್ನ ಹಿಂದಿನ ಎರಡನ್ನು ಒಂದಕ್ಕೊಂದು ಕೋನವಾಗಿ ನಿಲ್ಲಿಸಿ, ತೆರೆದ ಪುಸ್ತಕದಂತೆ.

ತಂತಿನಾದ:
ಫ್ಯಾನ್ ಆರಿಸಿಯೇ ಹಾಡಬೇಕು, ಬೇರೆ ದಾರಿಯಿಲ್ಲ. ರಸ್ತೆಯ ಹಾರ್ನ್ ಕೂಡ ಪ್ಯಾನೆಲ್‌ನಿಂದ ನಿಲ್ಲದು. ಅದು ಒಳಬರುವುದು ಬಾಗಿಲ ಕೆಳಗಿನ ಸಂದಿಯಿಂದ ಮತ್ತು ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯಿಂದ. ಸಂದಿಗಳಿಗೆ ರಬ್ಬರ್ ಪಟ್ಟಿ ಹಾಕಿ. ಹಳೆ ಫೋಮ್ ಎಕ್ಸ್‌ಟೆನ್ಶನ್ ಬೋರ್ಡ್ ಅಥವಾ ಸ್ವಿಚ್ ಪಕ್ಕದಲ್ಲಿದ್ದರೆ ಅಷ್ಟನ್ನಾದರೂ ಇವತ್ತೇ ಕಿತ್ತುಹಾಕಿ, ಬೇಗ ಬೆಂಕಿ ಹಿಡಿಯುವ ವಸ್ತು ಅದು.