ಒಂದೇ ಡಿಶ್, ಒಂದೇ ಕೇಬಲ್, ಒಟ್ಟಿಗೆ ಎರಡು ರೆಕಾರ್ಡಿಂಗ್: ಬೆಂಗಳೂರಿನ ಮನೆಗಳ ಅನುಭವ

ಬಸವನಗುಡಿಯಿಂದ ಪ್ರಶ್ನೆ

ನಮಸ್ಕಾರ. ಹಾಲ್‌ನ ಟಿವಿಗೆ ಹಳೆಯ ಡೆಸ್ಕ್‌ಟಾಪ್ ಒಂದನ್ನು ಸೇರಿಸಿ ಲಿನಕ್ಸ್, ಟಿವಿಹೆಡ್‌ಎಂಡ್ (ಚಾನೆಲ್ ಹಿಡಿದು ರೆಕಾರ್ಡ್ ಮಾಡುವ ತಂತ್ರಾಂಶ), ಕೋಡಿ (ಅದನ್ನು ಟಿವಿಯಲ್ಲಿ ತೋರಿಸುವ ತಂತ್ರಾಂಶ) ಹಾಕಿಕೊಂಡಿದ್ದೇನೆ. ತಾರಸಿ ಮೇಲೆ ಡಿಡಿ ಫ್ರೀ ಡಿಶ್, ಪಿಸಿಯೊಳಗೆ ಒಂದು ಟ್ಯೂನರ್ (ಸಿಗ್ನಲ್ ಹಿಡಿಯುವ ಭಾಗ) ಇರುವ ಡಿವಿಬಿ-ಎಸ್2 ಕಾರ್ಡ್, ಅಂದರೆ ಉಪಗ್ರಹ ಟಿವಿ ಕಾರ್ಡ್. ಸಂಜೆ ಅಮ್ಮ ಚಂದನ ನೋಡುತ್ತಿರುವಾಗ ನಾನು ಹಾಕಿಟ್ಟ ರೆಕಾರ್ಡಿಂಗ್ ಶುರುವಾದರೆ ಅವರ ಚಿತ್ರ ಹೋಗಿಬಿಡುತ್ತದೆ. ಕೆಲವು ದಿನ ಎರಡು ರೆಕಾರ್ಡಿಂಗ್ ಒಟ್ಟಿಗೆ ಚೆನ್ನಾಗಿ ಆಗುತ್ತವೆ, ಕೆಲವು ದಿನ ಒಂದು ಫೇಲ್. ನಾಲ್ಕು ಟ್ಯೂನರ್‌ನ ಕಾರ್ಡ್ ತಗೊಳ್ಳಬೇಕಾ? ತಾರಸಿಯಿಂದ ಇನ್ನೊಂದು ಕೇಬಲ್ ಎಳೆಯಲು ಓನರ್ ಒಪ್ಪುತ್ತಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ವಿಜಯನಗರದಿಂದ

ಕಾರ್ಡಿಗೆ ದುಡ್ಡು ಹಾಕುವ ಮೊದಲು ಮನೆಯವರು ನೋಡುವ ಚಾನೆಲ್‌ಗಳನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಅದು ಯಾವ ಟ್ರಾನ್ಸ್‌ಪಾಂಡರ್‌ನಲ್ಲಿ (ಹಲವು ಚಾನೆಲ್‌ಗಳನ್ನು ಒಂದೇ ಫ್ರೀಕ್ವೆನ್ಸಿಯಲ್ಲಿ ಒಟ್ಟಿಗೆ ಕಳಿಸುವ ಉಪಗ್ರಹದ ಘಟಕ) ಬರುತ್ತದೆ ಅಂತ ಗುರುತು ಹಾಕಿ. ಟಿವಿಹೆಡ್‌ಎಂಡ್‌ನ ಸರ್ವಿಸಸ್ ಪಟ್ಟಿಯಲ್ಲಿ ಪ್ರತಿ ಚಾನೆಲ್‌ಗೂ ಮಕ್ಸ್ (ಟ್ರಾನ್ಸ್‌ಪಾಂಡರ್‌ಗೆ ಅಲ್ಲಿನ ಹೆಸರು) ಕಾಲಂ ಇದೆ, ಅಲ್ಲಿ ಸಿಗುತ್ತದೆ. ನಿಮ್ಮ ಪ್ರಶ್ನೆಯ ಮುಕ್ಕಾಲು ಉತ್ತರ ಆ ಹಾಳೆಯಲ್ಲೇ ಇರುತ್ತದೆ.

ಯಾಕೆಂದರೆ ಟ್ಯೂನರ್ ಹಿಡಿಯುವುದು ಟ್ರಾನ್ಸ್‌ಪಾಂಡರನ್ನು. 11090 ಮೆಗಾಹರ್ಟ್ಸ್‌ಗೆ ಒಮ್ಮೆ ಲಾಕ್ ಆಯಿತೆಂದರೆ ಅದರಲ್ಲಿ ಬರುವ ಅಷ್ಟೂ ಚಾನೆಲ್‌ಗಳ ಡೇಟಾ ನಿಮ್ಮ ಪಿಸಿಗೆ ಬರುತ್ತಿರುತ್ತದೆ. ಒಂದನ್ನು ನೋಡಿ, ಇನ್ನೆರಡನ್ನು ರೆಕಾರ್ಡ್ ಮಾಡಿ, ಟ್ಯೂನರ್ ಒಂದೇ ಸಾಕು. ಇಡೀ ಟ್ರಾನ್ಸ್‌ಪಾಂಡರ್ ಸೇರಿ ಸೆಕೆಂಡಿಗೆ ಸುಮಾರು 40 ಮೆಗಾಬಿಟ್, ಅಂದರೆ 5 ಮೆಗಾಬೈಟ್. ಎಷ್ಟೇ ಹಳೆಯ ಹಾರ್ಡ್‌ಡಿಸ್ಕ್ ಆದರೂ ಇಷ್ಟನ್ನು ತಡೆದುಕೊಳ್ಳುತ್ತದೆ. ನಿಮ್ಮ ಎರಡು ರೆಕಾರ್ಡಿಂಗ್ ಕೆಲವು ದಿನ ಒಟ್ಟಿಗೆ ಆಗುವುದು ಇದಕ್ಕೇ: ಅವತ್ತು ಎರಡೂ ಚಾನೆಲ್ ಒಂದೇ ಟ್ರಾನ್ಸ್‌ಪಾಂಡರ್‌ನಲ್ಲಿರುತ್ತವೆ. ಒಂದು 11090ರಲ್ಲಿ, ಇನ್ನೊಂದು 11470ರಲ್ಲಿ ಬಂದ ದಿನ ಒಂದು ಬಿದ್ದುಹೋಗುತ್ತದೆ. ಲಾಗ್ ನೋಡಿ, 'ನೋ ಫ್ರೀ ಅಡಾಪ್ಟರ್', ಅಂದರೆ ಖಾಲಿ ಟ್ಯೂನರ್ ಇಲ್ಲ ಅಂತ ಇರುತ್ತದೆ.

ಆದ್ದರಿಂದ ಒಂದೇ ಹೊತ್ತಿಗೆ ಎಷ್ಟು ಟ್ರಾನ್ಸ್‌ಪಾಂಡರ್ ಬೇಕೋ ಅಷ್ಟೇ ಟ್ಯೂನರ್ ಬೇಕು. ಫ್ರೀ ಡಿಶ್‌ನಲ್ಲಿರುವುದೇ ಬೆರಳೆಣಿಕೆಯಷ್ಟು ಟ್ರಾನ್ಸ್‌ಪಾಂಡರ್. ಒಂದು ಮನೆಗೆ ಎರಡು ಟ್ಯೂನರ್ ಧಾರಾಳ ಸಾಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ನಾಲ್ಕರ ಕಾರ್ಡಿಗೆ ಕೊಡುವ ಹೆಚ್ಚಿನ ದುಡ್ಡಲ್ಲಿ ಒಂದು ಯುಪಿಎಸ್ ತನ್ನಿ. ಇನ್ನೊಂದು ಮಾತು: ಪ್ರಸಾರ ಭಾರತಿ ಫ್ರೀ ಡಿಶ್‌ನ ಸ್ಲಾಟ್‌ಗಳನ್ನು ಇ-ಹರಾಜಿನಲ್ಲಿ ಕೊಡುತ್ತದೆ, ಹಾಗಾಗಿ ಚಾನೆಲ್‌ಗಳು ಬರುತ್ತವೆ, ಹೋಗುತ್ತವೆ. ಏಪ್ರಿಲ್ ಬಂದಾಗ ಹೊಸದಾಗಿ ಸ್ಕ್ಯಾನ್ ಮಾಡಿ, ಹಾಳೆಯನ್ನೂ ತಿದ್ದಿ.

ಬನಶಂಕರಿಯಿಂದ

ವಿಜಯನಗರದವರ ಮಾತು ಪೂರ್ತಿ ಒಪ್ಪುತ್ತೇನೆ. ಕೇಬಲ್ ವಿಷಯಕ್ಕೆ ಬರುತ್ತೇನೆ. ಒಂದೇ ಕೇಬಲ್ಲನ್ನು ಸೀಳಿ ಎರಡು ಟ್ಯೂನರ್‌ಗೆ ಕೊಡಬೇಡಿ ಅಂತ ಎಲ್ಲರೂ ಹೇಳುತ್ತಾರೆ, ಅದಕ್ಕೆ ಕಾರಣವೂ ಇದೆ. ಟ್ಯೂನರ್ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ (ಡಿಶ್ ಮುಂದೆ ಇರುವ, ಸಿಗ್ನಲ್ ಹಿಡಿಯುವ ಡಬ್ಬಿ) ವರ್ಟಿಕಲ್ ಅಲೆ ಹಿಡಿಯುತ್ತದೆ, 18 ವೋಲ್ಟ್ ಕಳಿಸಿದರೆ ಹಾರಿಜಾಂಟಲ್. ಜೊತೆಗೆ 22 ಕಿಲೋಹರ್ಟ್ಸ್ ಟೋನ್ ಬಂದರೆ ಹೈ ಬ್ಯಾಂಡ್, ಅಂದರೆ ಮೇಲಿನ ಫ್ರೀಕ್ವೆನ್ಸಿಗಳು; ಬರದಿದ್ದರೆ ಲೋ ಬ್ಯಾಂಡ್. ಎರಡು ಟ್ಯೂನರ್ ಬೇರೆ ಬೇರೆ ಕೇಳಿದರೆ ಎಲ್‌ಎನ್‌ಬಿ ಇಬ್ಬರಿಗೂ ಒದಗುವುದಿಲ್ಲ.

ಆದರೆ ನಿಮಗೆ ಆ ತಾಪತ್ರಯ ಬರುವುದಿಲ್ಲ. 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ ಬರುವ ಫ್ರೀ ಡಿಶ್‌ನ 11090, 11170, 11470, 11550 ಎಲ್ಲವೂ ವರ್ಟಿಕಲ್, ಎಲ್ಲವೂ ಲೋ ಬ್ಯಾಂಡ್. (ಆ ಉಪಗ್ರಹವನ್ನು ನೋಡಿಕೊಳ್ಳುವುದು ನಮ್ಮ ಹಾಸನದ ಕೇಂದ್ರದಿಂದ, ಅದು ನನಗೆ ಹೆಮ್ಮೆಯ ವಿಷಯ.) ಎರಡೂ ಟ್ಯೂನರ್ ಸದಾ 13 ವೋಲ್ಟೇ ಕೇಳುವುದರಿಂದ ಒಂದು ಸ್ಪ್ಲಿಟರ್ ಸಾಕು, ಓನರ್ ಹತ್ತಿರ ಮಾತೇ ಬೇಡ.

ಸ್ಪ್ಲಿಟರ್ ಮಾತ್ರ ನೋಡಿ ತಗೊಳ್ಳಿ. ಎಸ್‌ಪಿ ರೋಡ್‌ನಲ್ಲಿ ಸುಮ್ಮನೆ 'ಸ್ಪ್ಲಿಟರ್ ಕೊಡಿ' ಅಂದರೆ ಕೇಬಲ್ ಟಿವಿಯದನ್ನು ಕೈಗಿಡುತ್ತಾರೆ. ಅದರ ಮೈಮೇಲೆ 5–1000 ಮೆಗಾಹರ್ಟ್ಸ್ ಅಂತ ಇರುತ್ತದೆ. ಎಲ್‌ಎನ್‌ಬಿ ಬಂದ ಫ್ರೀಕ್ವೆನ್ಸಿಯಿಂದ ತನ್ನ 9750 ಕಳೆದು ಕೆಳಗೆ ಕಳಿಸುವುದು 11090ಕ್ಕೆ 1340, 11550ಕ್ಕೆ 1800 ಮೆಗಾಹರ್ಟ್ಸ್. ಅದರಲ್ಲಿ ಹಾದುಹೋಗುವುದಿಲ್ಲ. 950–2150 ಅಥವಾ 5–2400 ಅಂತ ಬರೆದಿರುವ, ಡಿಸಿ ಪಾಸ್ ಇರುವ (ಎಲ್‌ಎನ್‌ಬಿಗೆ ಕರೆಂಟ್ ಹಾದುಹೋಗಲು ಬಿಡುವ) ಸ್ಪ್ಲಿಟರ್ ಕೇಳಿ. ಎರಡು ಪಾಲಾದಾಗ ಸಿಗ್ನಲ್ ಹತ್ತಿರ ಹತ್ತಿರ 4 ಡಿಬಿ ಇಳಿಯುತ್ತದೆ. ತಾರಸಿಯಿಂದ ನೆಟ್ಟಗೆ ಬರುವ ಆರ್‌ಜಿ6 ಕೇಬಲ್ ಆದರೆ ಚಿಂತೆಯಿಲ್ಲ.

ಇನ್ನು ತಲೆ ತಿನ್ನುವ ಒಂದು ಸಂಗತಿ. ಕೆಲವು ಸ್ಪ್ಲಿಟರ್‌ಗಳಲ್ಲಿ ಒಂದೇ ಪೋರ್ಟ್‌ನಿಂದ ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತದೆ. ಆ ಪೋರ್ಟ್‌ನ ಟ್ಯೂನರ್ ಖಾಲಿ ಕೂತಾಗ ಟಿವಿಹೆಡ್‌ಎಂಡ್ ಎಲ್‌ಎನ್‌ಬಿಯನ್ನು ಆಫ್ ಮಾಡಿಬಿಟ್ಟರೆ ಎರಡನೇ ಟ್ಯೂನರ್‌ಗೆ ಏನೂ ಬರುವುದಿಲ್ಲ. ಟಿವಿ ಹಾಕಿದಾಗ ರೆಕಾರ್ಡಿಂಗ್ ಸರಿ, ಟಿವಿ ಆಫ್ ಮಾಡಿದರೆ ಫೇಲ್ ಅನ್ನುವ ವಿಚಿತ್ರ ಕಾಯಿಲೆ ಇದರದ್ದೇ. ಟ್ಯೂನರ್‌ನ ಸೆಟ್ಟಿಂಗ್‌ನಲ್ಲಿ 'ಟರ್ನ್ ಆಫ್ ಎಲ್‌ಎನ್‌ಬಿ ವೆನ್ ಐಡಲ್' ಎದುರಿನ ಟಿಕ್ ತೆಗೆದುಬಿಡಿ.

ಮಲ್ಲೇಶ್ವರದಿಂದ

ಎರಡನೇ ಟ್ಯೂನರ್ ಬರುವ ತನಕ ಅಮ್ಮನ ಚಿತ್ರ ಉಳಿಸುವ ದಾರಿ ಇದೆ. ಟಿವಿಹೆಡ್‌ಎಂಡ್ ಸಾಮಾನ್ಯವಾಗಿ ರೆಕಾರ್ಡಿಂಗ್‌ಗೆ ಹೆಚ್ಚು ತೂಕ ಕೊಡುತ್ತದೆ, ಅದಕ್ಕೇ ಲೈವ್ ನೋಡುವವರು ಹೊರಗೆ ಬೀಳುವುದು. ಟಿವಿಹೆಡ್‌ಎಂಡ್‌ನಿಂದ ಚಿತ್ರ ಪಡೆಯಲು ಕೋಡಿ ಬಳಸುವ ಎಚ್‌ಟಿಎಸ್‌ಪಿ ಸ್ಟ್ರೀಮ್ ಪ್ರೊಫೈಲ್‌ನಲ್ಲಿ ಪ್ರಯಾರಿಟಿ ಹೈ ಮಾಡಿ, ಅದನ್ನೇ ಫೋರ್ಸ್ ಮಾಡುವ ಟಿಕ್ ಹಾಕಿ. ರೆಕಾರ್ಡಿಂಗ್‌ನದ್ದು ಲೋ ಮಾಡಿ. ವಯಸ್ಸಾದವರು ನೋಡುತ್ತಾ ಕೂತಿರುವಾಗ ಯಂತ್ರ ಅವರ ಕೈಯಿಂದ ಚಾನೆಲ್ ಕಿತ್ತುಕೊಳ್ಳಬಾರದು. ರೆಕಾರ್ಡಿಂಗ್ ತಪ್ಪಿದರೆ ಮರುಪ್ರಸಾರ ಹಿಡಿಯಬಹುದು.

ಪ್ಯಾಡಿಂಗ್ (ರೆಕಾರ್ಡಿಂಗ್‌ಗೆ ಹಿಂದೆ ಮುಂದೆ ಸೇರಿಸುವ ಹೆಚ್ಚುವರಿ ನಿಮಿಷ) ಕೂಡ ನೋಡಿ. ಎಂಟೂವರೆಗೆ ಮುಗಿಯುವ ಕಾರ್ಯಕ್ರಮಕ್ಕೆ ಕೊನೆಯಲ್ಲಿ ಐದು ನಿಮಿಷ, ಎಂಟೂವರೆಗೆ ಶುರುವಾಗುವುದಕ್ಕೆ ಮೊದಲೇ ಐದು ನಿಮಿಷ ಹಾಕಿದ್ದರೆ ಆ ಹತ್ತು ನಿಮಿಷಕ್ಕೆ ಎರಡು ಟ್ಯೂನರ್ ಬೇಕಾಗುತ್ತದೆ. ಹಾಳೆಯಲ್ಲಿ ಎರಡೂ ಒಂದೇ ಟ್ರಾನ್ಸ್‌ಪಾಂಡರ್ ಆದರೆ ಬಿಡಿ. ಬೇರೆಯಾದರೆ ಹಿಂದಿನದರ ಕೊನೆಯ ಪ್ಯಾಡಿಂಗ್, ಮುಂದಿನದರ ಮೊದಲ ಪ್ಯಾಡಿಂಗ್ ಎರಡನ್ನೂ ಸೊನ್ನೆ ಮಾಡಿ.

ನಾನು ಬಳಸುವುದು ಮಿಥ್‌ಟಿವಿ, ಟಿವಿಹೆಡ್‌ಎಂಡ್‌ನಂಥದ್ದೇ ಇನ್ನೊಂದು ತಂತ್ರಾಂಶ. ಅದರಲ್ಲಿ ಎಲ್ಲಕ್ಕೂ ಸೇರಿ ಹಾಕುವ ಪ್ಯಾಡಿಂಗ್ ಟ್ಯೂನರ್ ಖಾಲಿ ಇಲ್ಲದಾಗ ತಾನಾಗಿ ಬಿಟ್ಟುಹೋಗುತ್ತದೆ. ಮುಂದಿನ ದಿನಗಳ ಘರ್ಷಣೆ ಮೊದಲೇ ಪಟ್ಟಿಯಲ್ಲಿ ಕಾಣುತ್ತದೆ, ಗೈಡ್‌ನಲ್ಲಿ (ಕಾರ್ಯಕ್ರಮಗಳ ವೇಳಾಪಟ್ಟಿಯಲ್ಲಿ) ಮರುಪ್ರಸಾರ ಇದ್ದರೆ ಅತ್ತ ದಾಟಿಸುತ್ತದೆ. ಆದರೆ ಇದಕ್ಕೆಲ್ಲ ಒಳ್ಳೆಯ ಗೈಡ್ ಡೇಟಾ ಬೇಕು. ಗೈಡ್ ಬರದ ಚಾನೆಲ್‌ಗೆ ಎರಡರಲ್ಲೂ ಗಂಟೆ ನೋಡಿ ಟೈಮರ್ ಹಾಕುವುದೇ ದಾರಿ.

ಕೆಂಗೇರಿಯಿಂದ

ಫೇಲ್ ಆದದ್ದೆಲ್ಲ ಟ್ಯೂನರ್ ಜಗಳ ಅಂದುಕೊಳ್ಳಬೇಡಿ. ಏಪ್ರಿಲ್, ಮೇ ಸಂಜೆ ಗುಡುಗು ಮಳೆ ಹೊಡೆದರೆ ಕೆಯು ಬ್ಯಾಂಡ್ (ನಮ್ಮ ಡಿಶ್ ಹಿಡಿಯುವ ಫ್ರೀಕ್ವೆನ್ಸಿ) ಸಿಗ್ನಲ್ ಹೋಗೇ ಹೋಗುತ್ತದೆ. ಮಾರ್ಚ್ ಮಧ್ಯದಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆಗೆ, ಬೆಳಗ್ಗೆ 11ರ ಆಸುಪಾಸು ಸೂರ್ಯ ಉಪಗ್ರಹದ ಹಿಂದೆ ಬಂದಾಗ ಕೆಲವು ನಿಮಿಷ ಸಿಗ್ನಲ್ ಸಾಯುತ್ತದೆ. ಕರೆಂಟ್ ಹೋಗಿ ಬಂದಾಗ ಪಿಸಿ ತಾನೇ ಆನ್ ಆಗುವಂತೆ ಬಯೋಸ್‌ನಲ್ಲಿ ಹೇಳಿಡಿ. ರೆಕಾರ್ಡಿಂಗ್ ಟಿಎಸ್ ಫೈಲ್ ಆಗಿಯೇ ಇರಲಿ: ಅರ್ಧಕ್ಕೆ ನಿಂತರೂ ಅಷ್ಟು ಹೊತ್ತಿನದ್ದು ನೋಡಬಹುದು.

ಬಸವನಗುಡಿಯಿಂದ

ಎಲ್ಲರಿಗೂ ತುಂಬಾ ಧನ್ಯವಾದ. ಹಾಳೆ ಬರೆದೆ, ನಮ್ಮ ಮನೆಯ ಚಾನೆಲ್‌ಗಳೆಲ್ಲ ಎರಡೇ ಟ್ರಾನ್ಸ್‌ಪಾಂಡರ್‌ನಲ್ಲಿವೆ! ಎರಡು ಟ್ಯೂನರ್‌ನ ಕಾರ್ಡ್ ತಗೊಳ್ಳುತ್ತೇನೆ. ಮುಂದೆ ಇನ್ನೊಂದು ಉಪಗ್ರಹಕ್ಕೆ ಎರಡನೇ ಡಿಶ್ ಇಟ್ಟರೆ ಇದೇ ಸ್ಪ್ಲಿಟರ್ ನಡೆಯುತ್ತದಾ?

ಬನಶಂಕರಿಯಿಂದ

ಇಲ್ಲ, ಅಲ್ಲಿಗೆ ಅದರ ಆಯುಸ್ಸು ಮುಗಿಯಿತು. ಎರಡು ಡಿಶ್ ಆದರೆ ಡೈಸೆಕ್ ಸ್ವಿಚ್ (ಟ್ಯೂನರ್ ಕೇಳಿದ ಡಿಶ್‌ಗೆ ಬದಲಿಸುವ ಸಾಧನ) ಬೇಕು, ಅದೂ ಟ್ಯೂನರ್‌ಗೊಂದು. ಎರಡೂ ಎಲ್‌ಎನ್‌ಬಿ ಟ್ವಿನ್ (ಎರಡು ಔಟ್‌ಪುಟ್ ಇರುವಂಥದ್ದು) ಆಗಿರಬೇಕು, ತಾರಸಿಯಿಂದ ಕೆಳಗೆ ಎರಡು ಕೇಬಲ್ ಬರಬೇಕು. ಆಗ ಓನರ್ ಹತ್ತಿರ ಕೂತು ಮಾತಾಡಲೇಬೇಕು.