ಸಹಾಯ ಬೇಕು: ಹಳೆಯ ಸೇಬು ತೋಟದಲ್ಲಿ ಎದ್ದ ಮೊರೆಲ್ ಅಣಬೆ ತಿನ್ನಬಹುದೇ?

ವಸಂತದ ಬೇಲಿ ಕೆಲಸ ನಡೆದಿರುವ ಹಳೆಯ ಸೇಬು ತೋಟದಲ್ಲಿ ಮರಗಳ ಬುಡದ ಸುತ್ತ ಮೊರೆಲ್ ಎದ್ದಿದೆ. ಅನುಭವಿಗಳ ಅಭಿಪ್ರಾಯ ಬೇಕು.

ಎಲ್ಲವನ್ನೂ ಉದ್ದಕ್ಕೆ ಸೀಳಿ ನೋಡಿದೆ. ಹೆಚ್ಚಿನವುಗಳಲ್ಲಿ ಟೋಪಿಯ ಕೆಳ ಅಂಚು ಕಾಂಡಕ್ಕೆ ಕೂಡಿದೆ, ಒಳಗೆ ತುದಿಯಿಂದ ಬುಡದವರೆಗೆ ಒಂದೇ ಟೊಳ್ಳು. ಇವುಗಳ ಬಗ್ಗೆ ಅನುಮಾನವಿಲ್ಲ. ಕೆಲವುಗಳಲ್ಲಿ ಮಾತ್ರ ಟೋಪಿ ಅರ್ಧಕ್ಕೆ ಅಂಟಿ, ಕೆಳಭಾಗ ಲಂಗದಂತೆ ಸಡಿಲವಾಗಿ ಇಳಿದಿದೆ. ಮೊರೆಲ್‌ನಂತೆಯೇ ಕಾಣುವ ಬೇರೆ ಅಣಬೆಯಾದ ವರ್ಪಾ ಆಗಿದ್ದರೆ ಟೋಪಿ ತುತ್ತತುದಿಯಲ್ಲಷ್ಟೇ ಅಂಟಿರಬೇಕು, ಎಳೆಯ ಕಾಂಡದೊಳಗೆ ಹತ್ತಿಯಂಥ ನಾರು ಇರಬೇಕು. ಆದರೆ ಬಲಿತಾಗ ಆ ನಾರು ಕರಗುತ್ತದೆ, ಆದ್ದರಿಂದ ಅದೊಂದನ್ನೇ ನಂಬಲಾಗದು. ಸೂಕ್ಷ್ಮದರ್ಶಕ ಇರುವವರು ನೋಡಿಕೊಡಬಲ್ಲಿರಾ? ವರ್ಪಾ ಬೊಹೆಮಿಕಾದ ಬೀಜಕಣ ಚೀಲದಲ್ಲಿ ಸಾಮಾನ್ಯವಾಗಿ ಎರಡೇ ದೈತ್ಯ ಕಣ, ಮೊರೆಲ್‌ನಲ್ಲಿ ಎಂಟು.

ನಿಜವಾದ ಚಿಂತೆ ಮಣ್ಣಿನದು. 1940ರ ದಶಕದ ಕೊನೆಯಲ್ಲಿ ಡಿಡಿಟಿ ಬರುವವರೆಗೂ ಸೇಬಿಗೆ ಸೀಸ ಮತ್ತು ಆರ್ಸೆನಿಕ್ ಇರುವ ಕೀಟನಾಶಕ ಲೆಡ್ ಆರ್ಸೆನೇಟ್ ಸಿಂಪಡಿಸುತ್ತಿದ್ದರು. ಸೀಸ, ಆರ್ಸೆನಿಕ್ ಎರಡೂ ಮೇಲ್ಮಣ್ಣಿನಲ್ಲೇ ಉಳಿಯುತ್ತವೆ, ಅಣಬೆ ಅವನ್ನು ಹೀರಬಲ್ಲದು. ಬೇಯಿಸಿದರೆ ಮೊರೆಲ್‌ನ ಹಸಿ ವಿಷ ಇಳಿಯುತ್ತದೆ, ಲೋಹ ನಾಶವಾಗುವುದಿಲ್ಲ.

ಮರಗಳ ಹನಿಗೆರೆಯೊಳಗೆ (ಕೊಂಬೆಗಳ ಹೊರ ಅಂಚಿನ ನೇರ ಕೆಳಗಿನ ಗೆರೆಯ ಒಳಗೆ) ಹತ್ತು ಕಡೆ 15 ಸೆಂ.ಮೀ. ಆಳದ ಮಣ್ಣು ತೆಗೆದು ಬೆರೆಸಿ ಪರೀಕ್ಷೆಗೆ ಕಳಿಸುವ ಯೋಚನೆಯಿದೆ. ಅಷ್ಟೇ ಸಾಕೇ, ಮರಕ್ಕೊಂದು ಪ್ರತ್ಯೇಕ ಮಾದರಿ ಬೇಕೇ? ಒಣಗಿಸಿದ ಅಣಬೆಯನ್ನೇ ಲೋಹ ಪರೀಕ್ಷೆಗೆ ಕೊಟ್ಟವರಿದ್ದರೆ, ಎಷ್ಟು ಗ್ರಾಂ ಕೇಳಿದರು, ತೊಳೆದು ಕೊಟ್ಟಿರಾ ಅಥವಾ ಮಣ್ಣು ಒರೆಸಿಯಷ್ಟೇ ಕೊಟ್ಟಿರಾ, ದಯವಿಟ್ಟು ತಿಳಿಸಿ.