ಒಬ್ಬ ಮೇಷ್ಟ್ರನ್ನು ನಂಬಿ ಹೋಗಬೇಡ

ಸುಧಾ, ನಿನ್ನ ಮೆಸೇಜು ಈಗ ನೋಡಿದೆ. ರಾತ್ರಿ 1 ಗಂಟೆಗೆ ಹಾಕಿದ್ದೀಯ, ನಿದ್ದೆ ಮಾಡಲ್ವೇನೇ? ಟೈಪ್ ಮಾಡೋಣ ಅಂದರೆ ಕನ್ನಡಕ ಸಿಗುತ್ತಿಲ್ಲ. ಬಾಯಲ್ಲೇ ಹೇಳುತ್ತೇನೆ, ಎಲ್ಲರೂ ಕೇಳಿಸಿಕೊಳ್ಳಿ.

ಪುಟ್ಟಿಗೆ ನ್ಯೂಯಾರ್ಕಿನಲ್ಲೇ ಎರಡು ಕಡೆ ಗಣಿತಕ್ಕೆ ಸೀಟು ಸಿಕ್ಕಿದೆ. ನ್ಯೂಯಾರ್ಕ್ ಯೂನಿವರ್ಸಿಟಿಯ ಗಣಿತ ಸಂಸ್ಥೆ ಕೂರಾಂಟ್‌ನಲ್ಲಿ ಎಂಎಸ್, ಕೈಯಿಂದ ದುಡ್ಡು ಕಟ್ಟಬೇಕು. ಸಿಟಿ ಯೂನಿವರ್ಸಿಟಿಯ ಗ್ರಾಜುಯೇಟ್ ಸೆಂಟರ್‌ನಲ್ಲಿ ಪಿಎಚ್‌ಡಿ, 5 ವರ್ಷ ಫೆಲೋಶಿಪ್. ಅವಳಿಗೆ ಕೂರಾಂಟೇ ಬೇಕು, ದೊಡ್ಡ ಗಣಿತಜ್ಞ ವರದನ್ ಅವರ ಜಾಗ ಅಂತ. ನಿನಗೆ ಸಾಲದ ಭಯ, ಇವತ್ತೇ ಹೌದು ಅನ್ನಬೇಕಾ ಅಂತ ಗಾಬರಿ. ಇಷ್ಟೇ ತಾನೆ?

ಮೊದಲು ಒಂದು ಮಾತು. ಒಬ್ಬ ಮೇಷ್ಟ್ರ ಹೆಸರು ನೋಡಿಕೊಂಡು ಯೂನಿವರ್ಸಿಟಿ ಆರಿಸಬೇಡಿ.

ನನ್ನ ಕಥೆ ನಿಮಗೆಲ್ಲ ಗೊತ್ತು. 1983ರಲ್ಲಿ ಅಪ್ಪಯ್ಯ ಆ ವರ್ಷದ ಅಡಿಕೆಯನ್ನೆಲ್ಲ ಮಂಡಿಗೆ ಹಾಕಿ, ಪಿಎಚ್‌ಡಿಗೆ ಅಂತ ಅಮೆರಿಕದ ಟಿಕೆಟ್ ತೆಗೆಸಿಕೊಟ್ಟರು. ಹೋದದ್ದು ದೊಡ್ಡ ಊರಿನ ದೊಡ್ಡ ಯೂನಿವರ್ಸಿಟಿಗೇ, ಹೆಸರು ಬೇಡ. ಅಲ್ಲಿದ್ದ ಒಬ್ಬ ಪ್ರೊಫೆಸರ್‌ಗೋಸ್ಕರ. ಮೈಸೂರಿನಲ್ಲಿ ಎಂಎಸ್ಸಿ ಮಾಡುವಾಗ ಅವರ ಪೇಪರನ್ನು ಕೈಯಲ್ಲೇ ಬರೆದುಕೊಂಡಿದ್ದೆ, ಜೆರಾಕ್ಸಿಗೆ ದುಡ್ಡಿರಲಿಲ್ಲ. ಮೊದಲ ವರ್ಷ ಕ್ವಾಲಿಫೈಯಿಂಗ್ ಪರೀಕ್ಷೆಗೆ, ಅದು ಪಾಸಾದರೇ ಪಿಎಚ್‌ಡಿ ಮುಂದುವರಿಯೋದು, ಓದಿದ್ದೇ ಓದಿದ್ದು. ಪಾಸೂ ಆಯಿತು. ರಜೆ ಮುಗಿಸಿ ಹೋಗಿ ನೋಡುತ್ತೇನೆ, ಅವರ ರೂಮಿನ ಮುಂದೆ ರಟ್ಟಿನ ಪೆಟ್ಟಿಗೆಗಳು. ಬಾಗಿಲ ಮೇಲಿನ ಹೆಸರು ಬಿಚ್ಚಿದ್ದಾರೆ, ಎರಡು ಸ್ಕ್ರೂ ತೂತು ಮಾತ್ರ ಕಾಣುತ್ತಿವೆ. ಬೇರೆ ಯೂನಿವರ್ಸಿಟಿಗೆ ಹೊರಟಿದ್ದರು. ಒಳ್ಳೆಯವರೇ, ಕೈಕುಲುಕಿ ಒಂದು ಡಬ್ಬಿ ಚಾಕ್‌ಪೀಸ್ ಕೊಟ್ಟರು. ಚಾಕ್‌ಪೀಸ್ ಇಟ್ಟುಕೊಂಡು ನಾನೇನು ಮಾಡಲಿ? ಆ ವಿಷಯದಲ್ಲಿ ಅಲ್ಲಿ ಇನ್ನೊಬ್ಬರೇ ಇರಲಿಲ್ಲ. ಒಂದು ವರ್ಷ ಒಬ್ಬೊಬ್ಬರ ಬಾಗಿಲು ತಟ್ಟಿದೆ. ಕೊನೆಗೆ ಎಂಎಸ್ ಕಾಗದ ಹಿಡಿದುಕೊಂಡು ಕಂಪ್ಯೂಟರ್ ಕೆಲಸಕ್ಕೆ ಸೇರಿದೆ.

ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಪುಟ್ಟೀ, ಒಬ್ಬ ಮೇಷ್ಟ್ರನ್ನು ನಂಬಿ ಹೋಗಬೇಡ. ವರದನ್ 1963ರಲ್ಲೇ ಕೂರಾಂಟಿಗೆ ಹೋದವರು, 2007ರಲ್ಲಿ ಗಣಿತದ ದೊಡ್ಡ ಪ್ರಶಸ್ತಿ ಅಬೆಲ್ ಬಂತು. ಕೈಮುಗಿಯೋಣ. ಆದರೆ ಅವರಿಗೀಗ 80 ದಾಟಿದೆ. ನಿನಗೆ ಗೈಡ್ ಆಗುವವರು ಬೇರೆ ಯಾರೋ.

ನಾನು ಓದು ಬಿಟ್ಟಾಗ ಮನೆಯಲ್ಲಿ ಯಾರಿಗಾದರೂ ನನ್ನ ಕಷ್ಟ ಅರ್ಥ ಆಯಿತಾ? ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಚಿಕ್ಕಪ್ಪಯ್ಯ, ಹೋಳಿಗೆ ಬಡಿಸುವವನಿಗೂ ಕೇಳುವ ಹಾಗೆ, ‘ಇವನು ಅಮೆರಿಕಕ್ಕೆ ಹೋಗಿ ಅರ್ಧ ಓದಿದವನು’ ಅಂದರು. ಊರ ಮನೆಗೆ ಹೊಸ ಹೆಂಚು ಹೊದಿಸಿದ್ದು ಆ ಅರ್ಧ ಓದಿನ ದುಡ್ಡಲ್ಲೇ. ಆ ಸಲದ ಸತ್ಯನಾರಾಯಣ ಪೂಜೆಯ ಕರೆಯೋಲೆಯಲ್ಲಿ ನನ್ನ ಹೆಸರೇ ಇಲ್ಲ! ಸುಧಾ, ಅದನ್ನು ಬರೆದದ್ದು ನಿನ್ನ ಗಂಡನೇ. ಇರಲಿ, ಈಗ ಯಾಕೆ.

ಏನು ಹೇಳುತ್ತಿದ್ದೆ? ಹಾಂ, ಗ್ರಾಜುಯೇಟ್ ಸೆಂಟರ್. ಫಿಫ್ತ್ ಅವೆನ್ಯೂ 34ನೇ ಬೀದಿ, ಮುಂಚೆ ಬಿ. ಆಲ್ಟ್‌ಮನ್ ಅಂತ ದೊಡ್ಡ ಅಂಗಡಿ ಇದ್ದ ಕಟ್ಟಡ. ಆದರೆ ಮೇಷ್ಟ್ರುಗಳಲ್ಲಿ ಜಾಸ್ತಿ ಜನ ಊರೆಲ್ಲ ಹರಡಿರುವ ಕಾಲೇಜುಗಳವರು. ಒಬ್ಬರು ಹಾರ್ಲೆಮ್‌ನ ಸಿಟಿ ಕಾಲೇಜಾದರೆ ಇನ್ನೊಬ್ಬರು ಫ್ಲಶಿಂಗ್‌ನ ಕ್ವೀನ್ಸ್ ಕಾಲೇಜು. ಅವಳೂ ಆ ಕಾಲೇಜುಗಳಲ್ಲಿ ಪಾಠ ಮಾಡಬೇಕು, ಸಬ್‌ವೇ ಹತ್ತಿ ಓಡಬೇಕು. ಫ್ಲಶಿಂಗ್ ಕಡೆ ಬಿದ್ದರೆ ಗಣೇಶನ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ಉಂಟು. ಓಡಾಟ ಕಷ್ಟವೇ, ಆದರೆ ಅವಳ ವಿಷಯದಲ್ಲಿ ಮೂರು ನಾಲ್ಕು ಮೇಷ್ಟ್ರಿದ್ದರೆ ನಾನಾದರೆ ಅದನ್ನೇ ಆರಿಸುತ್ತೇನೆ.

ಅಯ್ಯೋ, ನೀನು ಕೇಳಿದ್ದನ್ನೇ ಮರೆತೆ! ಏಪ್ರಿಲ್ 15. ಫೆಲೋಶಿಪ್ ಕೊಟ್ಟು ಕರೆದರೆ ಆ ತಾರೀಕಿನವರೆಗೆ ಉತ್ತರ ಹೇಳಬೇಕಾಗಿಲ್ಲ. ಅಲ್ಲಿನ ಬಹಳಷ್ಟು ಯೂನಿವರ್ಸಿಟಿಗಳು ಇದಕ್ಕೆ ಒಪ್ಪಿ ಸಹಿ ಹಾಕಿವೆ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ವೆಬ್‌ಸೈಟಿನಲ್ಲಿ ಪಟ್ಟಿ ಇದೆ, ನೋಡಲಿ. ಅಷ್ಟರೊಳಗೆ ಅಲ್ಲಿ ಓದುತ್ತಿರುವ ಮಕ್ಕಳಿಗೆ ಪುಟ್ಟಿಯೇ ಮೇಲ್ ಹಾಕಲಿ. ಗೈಡ್ ಬಿಟ್ಟು ಹೋದರೆ ಏನು ಮಾಡುತ್ತಾರೆ, ಕ್ವಾಲಿಫೈಯಿಂಗ್ ಎಷ್ಟು ಸಲ ಬರೆಯಬಹುದು, 5 ವರ್ಷ ಆದಮೇಲೆ ದುಡ್ಡು ಯಾರು ಕೊಡುತ್ತಾರೆ, ಈ ಮೂರು ಕೇಳಲಿ. ಅಲ್ಲಿಯವರೆಗೆ ಮನೆ ಪತ್ರ ಹಿಡಿದು ಬ್ಯಾಂಕಿಗೆ ಹೋಗಬೇಡ, ಸುಧಾ.